ಗುದ್ದಣ್ಣನ ಅರ್ಧ ಎಣ್ಣೆ

ಮೇಷ್ಟ್ರು ತಮ್ಮ ಇಪ್ಪತ್ತು ವರ್ಷದ ಕಾರನ್ನು ಗ್ಯಾರೇಜಿನ ಮುಂದೆ ತಂದು ನಿಲ್ಲಿಸಿದಾಗ ಗುದ್ದಣ್ಣನು ಒಬ್ಬನ ಮುಖವನ್ನು ಬೇರೊಂದು ಕಾರಿನ ಬಾನೆಟ್ಟಿಗೆ ಒತ್ತಿ ಹಿಡಿದಿದ್ದನು. ಹಾಗೆ ಸಿಕ್ಕಿಬಿದ್ದಿದ್ದವನು ಬಿಡಿಭಾಗಗಳ ವ್ಯಾಪಾರಿ. ಅವನ ಮೂಗಿನಿಂದ ಇಳಿದ ರಕ್ತ ಬಿಳಿಯ ಬಾನೆಟ್ಟಿನ ಮೇಲೆ ಎರಡು ಗೆರೆ ಎಳೆದಿತ್ತು. ಗುದ್ದಣ್ಣನ ಇನ್ನೊಂದು ಕೈಯಲ್ಲಿ ಗೇರ್‌ಬಾಕ್ಸಿನ ಫಿಲ್ಟರೊಂದು ಸೀಳಿಕೊಂಡು ಬಾಯಿಬಿಟ್ಟಿತ್ತು.

"ಇದರೊಳಗೆ ಏನಿದೆ ಹೇಳು."

"ಜಾಲರಿ ಅಣ್ಣಾ."

"ಕಣ್ಬಿಟ್ಟು ನೋಡು. ರಟ್ಟು. ನಿಮ್ಮನೇಲಿ ಟೀ ಸೋಸೋದು ರಟ್ಟಲ್ಲೇನೋ?"

ಉತ್ತರ ಬರುವ ಮೊದಲೇ ಇನ್ನೊಂದು ಗುದ್ದು ಬಿತ್ತು. ವ್ಯಾಪಾರಿ ಬೀದಿಗೆ ಹೋಗಿ ಬಿದ್ದನು. ಅವನ ಹಿಂದೆಯೇ ಫಿಲ್ಟರೂ ಹೋಗಿ ಬಿತ್ತು. ಇದನ್ನೆಲ್ಲ ಕಂಡ ಮೇಷ್ಟ್ರು, ತಮಗೇಕೆ ಈ ಉಸಾಬರಿ ಎಂದು ಕಾರನ್ನು ಹಿಂದಕ್ಕೆ ತೆಗೆಯಲು ರಿವರ್ಸಿಗೆ ಹಾಕಿದರು. ಕಾರು ಅಲ್ಲಾಡಲಿಲ್ಲ. ಒಂದು, ಎರಡು, ಮೂರು ಎಣಿಸುವಷ್ಟು ಹೊತ್ತು ಸುಮ್ಮನಿದ್ದು, ಆಮೇಲೆ ಬೆನ್ನಿಗೆ ಒದೆ ಬಿದ್ದಂತೆ ಜರ್ರನೆ ಹಿಂದಕ್ಕೆ ಹೋಯಿತು.

ಗುದ್ದಣ್ಣನು ಗಕ್ಕನೆ ತಿರುಗಿದನು. ಆಗತಾನೇ ಗುದ್ದುತ್ತಿದ್ದವನ ದನಿಯೇ ಅದಲ್ಲ ಎನ್ನುವಷ್ಟು ಮೆತ್ತಗೆ, "ಸಾರ್, ಮೂರು ಎಣಿಸೋವರೆಗೂ ಗೇರು ಹಿಡೀಲಿಲ್ಲ ಅಲ್ವಾ? ಎಂಜಿನ್ ಆಫ್ ಮಾಡ್ಬೇಡಿ, ಹಾಗೇ ಒಳಗೆ ತನ್ನಿ," ಎಂದನು.

ಓಡಿಹೋಗಲು ಹೊರಟ ಮೇಷ್ಟ್ರನ್ನು ಅವರ ಕಾರಿನ ಕಾಯಿಲೆಯೇ ಹಿಡಿದುಕೊಟ್ಟಿತು.

ಅವನಿಗೆ ಮನೆಯವರು ಇಟ್ಟ ಹೆಸರು ಬೇರೆ. ಬೀದಿ ಇಟ್ಟ ಹೆಸರು ಗುದ್ದಣ್ಣ. ಕ್ಲಚ್ ಪೆಡಲ್ ಇಲ್ಲದ, ತಾನಾಗಿಯೇ ಗೇರು ಬದಲಿಸಿಕೊಳ್ಳುವ ಹಳೆಯ ಕಾರುಗಳೆಂದರೆ ಅವನಿಗೆ ಪ್ರಾಣ. ಬಾಗಿಲ ಮೇಲೆ 'ಗೇರ್‌ಬಾಕ್ಸ್ ತಗ್ನರು' ಎಂದು ಬರೆದಿತ್ತು. ಮೇಷ್ಟ್ರಿಗೆ ತಡೆಯಲಾಗಲಿಲ್ಲ.

"ಅದು ತಜ್ಞರು ಅಂತಿರಬೇಕಪ್ಪ."

"ನಮ್ಮಪ್ಪ ಬರೆಸಿದ್ದು ಸಾರ್."

ಹೇಳಿದ ರೀತಿಯಲ್ಲಿ ಏನೋ ಇತ್ತು. ಮೇಷ್ಟ್ರು ವ್ಯಾಕರಣವನ್ನು ಅಲ್ಲಿಗೇ ಬಿಟ್ಟರು.

ಗ್ಯಾರೇಜಿನ ನಡುವೆ ಆಳೆತ್ತರದ ಗುಂಡಿ. ಗುದ್ದಣ್ಣನು ಕಾರನ್ನು ಅದರ ಮೇಲೆ ನಿಲ್ಲಿಸಿ, ಎಂಜಿನ್ ಓಡುತ್ತಿರುವಾಗಲೇ ಎಣ್ಣೆಯ ಕಡ್ಡಿಯನ್ನು ಹಿರಿದು, ಅದನ್ನು ಬಿಳಿಯ ಬಟ್ಟೆಯ ತುಂಡಿಗೆ ಒರೆಸಿ, ಬಟ್ಟೆಯನ್ನು ಮೂಗಿಗೆ ಹಿಡಿದನು. ಈ ಎಣ್ಣೆ ಹೊಸತಿದ್ದಾಗ ರಕ್ತದ ಹಾಗೆ ಕೆಂಪು. ಬಟ್ಟೆಯ ಮೇಲೆ ಬಂದದ್ದು ಕಡು ಕಂದು. ಎಂಜಿನ್ ನಿಲ್ಲಿಸಿ ಗುಂಡಿಗಿಳಿದು, ಗೇರ್‌ಬಾಕ್ಸಿನ ಅಡಿಯ ತಗಡಿನ ತಟ್ಟೆಯ ಬೋಲ್ಟುಗಳನ್ನು ಮೂರು ಕಡೆ ಬಿಚ್ಚಿ, ನಾಲ್ಕನೆಯ ಕಡೆ ಸಡಿಲ ಮಾತ್ರ ಮಾಡಿದನು. ತಟ್ಟೆ ವಾಲಿತು, ಒಂದು ಮೂಲೆಯಿಂದ ಎಣ್ಣೆ ಧಾರೆಯಾಗಿ ಟ್ರೇಗೆ ಇಳಿಯಿತು. ಹಳೆಯ ಫಿಲ್ಟರನ್ನು ಕಿತ್ತನು. ತಟ್ಟೆಯೊಳಗಿನ ಅಯಸ್ಕಾಂತಕ್ಕೆ ಬೂದುಬಣ್ಣದ ಉಕ್ಕಿನ ಕೆಸರು ಮೆತ್ತಿಕೊಂಡಿತ್ತು. ಅದನ್ನು ಒರೆಸಿ, ಹೊಸ ಫಿಲ್ಟರು, ಹೊಸ ಪ್ಯಾಕಿಂಗು ಕೂರಿಸಿ, ಬೋಲ್ಟುಗಳನ್ನು ಎದುರುಬದುರಾಗಿ ಹದವಾಗಿ ಬಿಗಿದನು. ಟ್ರೇಗೆ ಎಷ್ಟು ಇಳಿದಿತ್ತೋ ಅಷ್ಟೇ ಹೊಸ ಎಣ್ಣೆಯನ್ನು ಅಳೆದು ಮೇಲಿನಿಂದ ಸುರಿದನು.

"ಇಷ್ಟೇನಾ?" ಎಂದರು ಮೇಷ್ಟ್ರು.

"ಇದು ಅರ್ಧ ಸಾರ್. ಇನ್ನರ್ಧ ಒಳಗೇ ಅವಿತುಕೊಂಡಿರುತ್ತೆ. ತಿಂಗಳು ಓಡಿಸ್ಕೊಂಡು ಬನ್ನಿ, ಆಗ ಮತ್ತೆ ಅರ್ಧ ತೆಗೀತೀನಿ."

"ಪೂರ್ತಿ ಒಂದೇ ಸಲ ತೆಗೆದರೆ?"

"ಇಪ್ಪತ್ತು ವರ್ಷದಿಂದ ಒಳಗೆ ಗೇರು ಹಿಡಿಯೋ ಪ್ಲೇಟುಗಳು ಆ ಕೊಳೇನ ನಂಬ್ಕೊಂಡು ಒಂದನ್ನೊಂದು ಹಿಡ್ಕೊಂಡಿವೆ. ಒಂದೇ ಸಲ ತೊಳೆದ್ರೆ ಕೈ ಬಿಟ್ಬಿಡ್ತವೆ."

ಪಕ್ಕದ ಕ್ಷೌರದಂಗಡಿಯವನು ಬಾಗಿಲಲ್ಲಿ ನಿಂತು, "ಮೇಷ್ಟ್ರೇ, ನಮ್ಮ ಗುದ್ದಣ್ಣ ಬಾಯಿಗೆ ತೊಟ್ಟು ಹಾಕೋನಲ್ಲ. ಆದರೂ ಬೆಳಗ್ಗೆಯಿಂದ ಸಂಜೆವರೆಗೂ ಅರ್ಧ ಎಣ್ಣೆ, ಅರ್ಧ ಎಣ್ಣೆ," ಎಂದನು. ಬೀದಿಯೆಲ್ಲ ನಕ್ಕಿತು. ಗುದ್ದಣ್ಣನೂ ನಕ್ಕನು. ಕ್ಷೌರಿಕನಿಗೆ ಗುದ್ದು ಬೀಳದಿದ್ದುದು ಅವನ ಕೈಯಲ್ಲಿ ಕತ್ತಿ ಇತ್ತೆಂಬ ಕಾರಣಕ್ಕೋ ಏನೋ.

ಅರ್ಧದ ಪಾಠವನ್ನು ಗುದ್ದಣ್ಣನಿಗೆ ಕಲಿಸಿದವನು ಅಪ್ಪ. ಕಲಿಸಿದ ಬಗೆ ಹೇಳುವಂಥದಲ್ಲ, ಹೇಳದಿದ್ದರೆ ಗುದ್ದಣ್ಣನು ಅರ್ಥವಾಗುವುದಿಲ್ಲ. ಹದಿನಾರರ ವಯಸ್ಸಿನಲ್ಲಿ ಅವನು ಯಾರದೋ ಕಾರಿನ ಎಣ್ಣೆಯನ್ನು ಕೊಳವೆ ಬಿಚ್ಚಿ ಪೂರ್ತಿ ಬರಿದು ಮಾಡಿದ್ದನು. ಅಪ್ಪ ಅವನ ಎಡಗೈಯ ಕಿರುಬೆರಳನ್ನು ಕಬ್ಬಿಣ ಹಿಡಿಯುವ ವೈಸಿನ ದವಡೆಗೆ ಕೊಟ್ಟು, ಹಿಡಿಯನ್ನು ಅರ್ಧ ಸುತ್ತು ತಿರುಗಿಸಿದನು. ಮೂಳೆ ಮುರಿದ ಸದ್ದು ಇಬ್ಬರಿಗೂ ಕೇಳಿಸಿತು. "ಅರ್ಧ ಅಂದ್ರೆ ಎಷ್ಟು ಅಂತ ಗೊತ್ತಾಯ್ತಾ?" ಎಂದು ಕೇಳಿ, ಗೊತ್ತಾಯಿತು ಎನ್ನಿಸಿಕೊಂಡ ಮೇಲೆಯೇ ಸಡಿಲಿಸಿದನು. ಆ ಬೆರಳು ಇವತ್ತಿಗೂ ಡೊಂಕು.

ತಾಯಿ ಇಲ್ಲದ ಮನೆ. ಅವನಿಗಿಂತ ಏಳು ವರ್ಷ ಚಿಕ್ಕವನಾದ ತಮ್ಮನೊಬ್ಬನಿದ್ದನು. ಅಪ್ಪನ ಕೈಗೆ ಹರಿದ ಫ್ಯಾನ್ ಬೆಲ್ಟು ಬಂದಾಗಲೆಲ್ಲ ಗುದ್ದಣ್ಣನು ತಮ್ಮನನ್ನು ಗುಂಡಿಯೊಳಕ್ಕೆ ತಳ್ಳಿ ತಾನು ಬೆನ್ನು ಕೊಡುತ್ತಿದ್ದನು. ಹತ್ತೊಂಬತ್ತು ತುಂಬಿದ ವರ್ಷ ಒಂದು ದಿನ ತಳ್ಳುವುದು ತಡವಾಯಿತು. ಬೆಲ್ಟಿನ ಏಟು ತಮ್ಮನ ಕುತ್ತಿಗೆಯ ಮೇಲೆ ಬಿದ್ದು ಚರ್ಮ ಸುಲಿಯಿತು. ಗುದ್ದಣ್ಣನು ಅಪ್ಪನ ಕೈಯಿಂದ ಬೆಲ್ಟನ್ನು ಕಿತ್ತುಕೊಂಡನು. ಆಮೇಲೆ ನಡೆದುದು ಹೊಡೆದಾಟವಲ್ಲ. ಹೊಡೆದವನು ಒಬ್ಬನೇ. ಅಪ್ಪನ ಮುಂಗೈ ಮುರಿಯಿತು, ಎರಡು ಹಲ್ಲು ಬಿದ್ದವು, ಗೋಡೆಗೆ ತಲೆ ತಾಗಿದ ಜಾಗದಲ್ಲಿ ಸುಣ್ಣ ಕೆಂಪಾಯಿತು. ಆ ಮನುಷ್ಯ ಇನ್ನೂ ನಾಲ್ಕು ವರ್ಷ ಬದುಕಿದ್ದು ಕಾಯಿಲೆಯಿಂದ ತೀರಿಕೊಂಡನು. ದೊಡ್ಡ ಮಗನೊಂದಿಗೆ ಒಂದು ಮಾತನ್ನೂ ಆಡಲಿಲ್ಲ.

ಆ ದಿನ ತಮ್ಮನ ಕುತ್ತಿಗೆಗೆ ಔಷಧ ಹಚ್ಚುತ್ತ ಗುದ್ದಣ್ಣನು, "ನಿನ್ನ ಮೈಮೇಲೆ ಇನ್ನು ಯಾರ ಕೈಯೂ ಬೀಳಲ್ಲ. ನನ್ನದೂ ಬೀಳಲ್ಲ," ಎಂದಿದ್ದನು. ಬೀದಿಯಲ್ಲಿ ಅವನಿಂದ ಪೆಟ್ಟು ತಿನ್ನದವರೇ ಕಡಿಮೆ. ಹಾರ್ನ್ ಒತ್ತಿದವನಿಗೆ ಬಿತ್ತು, ಕಾರೆಳೆಯುವ ಲಾರಿಯ ಡ್ರೈವರಿಗೆ ಬಿತ್ತು, ಜಗಳ ಬಿಡಿಸಲು ಬಂದವರಿಗೂ ಬಿತ್ತು. ಬಿದ್ದವರಿಗೆ ತಮ್ಮನು ನೀರು ತಂದುಕೊಡುತ್ತಿದ್ದನು. ಆದರೆ ಇಪ್ಪತ್ತೆರಡು ವರ್ಷ ಆ ಕೈ ತಮ್ಮನನ್ನು ಮುಟ್ಟಲಿಲ್ಲ. ಗುದ್ದಣ್ಣನಿಗೆ ಮದುವೆಯಿಲ್ಲ, ಮನೆಯಿಲ್ಲ. ತಾನು ಅಪ್ಪನ ಹಾಗಲ್ಲ ಎಂದು ಹೇಳಿಕೊಳ್ಳಲು ಅವನ ಬಳಿ ಇದ್ದದ್ದು ಆ ಒಂದು ಮಾತು ಮಾತ್ರ.

ತಮ್ಮನು ಬೆಳೆದನು, ಕೆಲಸ ಕಲಿತನು, ಮದುವೆಯಾದನು. ಮೇಷ್ಟ್ರು ಮೊದಲ ಸಲ ಬರುವುದಕ್ಕೆ ಆರು ತಿಂಗಳು ಮುಂಚೆ ಒಂದು ದಿನ ಫ್ರಿಜ್ಜಿನಷ್ಟು ಎತ್ತರದ ಯಂತ್ರವೊಂದನ್ನು ತಂದು ಗ್ಯಾರೇಜಿನ ಮೂಲೆಯಲ್ಲಿ ನಿಲ್ಲಿಸಿದನು. ಎರಡು ಕೊಳವೆಗಳನ್ನು ಗೇರ್‌ಬಾಕ್ಸಿಗೆ ಸಿಕ್ಕಿಸಿದರೆ ಹಳೆಯ ಎಣ್ಣೆ ಪೂರ್ತಿ ಹೊರಕ್ಕೆ, ಹೊಸದು ಪೂರ್ತಿ ಒಳಕ್ಕೆ.

"ಅಣ್ಣಾ, ಯಾರಾದ್ರೂ ಅರ್ಧ ಸ್ನಾನ ಮಾಡ್ತಾರಾ?"

"ಮುದುಕರಿಗೆ ಚಳೀಲಿ ಅರ್ಧಾನೇ ಮಾಡ್ಸೋದು."

"ಇದು ಗೇರ್‌ಬಾಕ್ಸು. ಮುದುಕ ಅಲ್ಲ."

"ಕಿವಿ ಇಟ್ಟು ಕೇಳು. ಮುದುಕಾನೇ."

ಮಾತು ಅಲ್ಲಿಂದ ಏರುತ್ತಿತ್ತು. ಏರಿದ ಮಾತಿಗೆ ಕೊನೆಯಲ್ಲಿ ಬೀಳಬೇಕಾದ ಗುದ್ದು ಮೂಲೆಯ ತಗಡಿನ ಡ್ರಮ್ಮಿಗೆ ಬೀಳುತ್ತಿತ್ತು. ಆರು ತಿಂಗಳಲ್ಲಿ ಡ್ರಮ್ಮು ಸೊಟ್ಟಗಾಗಿ ಒಂದು ಕಡೆಗೆ ವಾಲಿತು. "ಭಾವಾ, ಇದರ ಮುಖ ನೋಡಿದ್ರೆ ನಮ್ಮನೆಯವರ ಮುಖ ನೋಡಿದ ಹಾಗೇ ಆಗುತ್ತೆ," ಎಂದು ತಮ್ಮನ ಹೆಂಡತಿ ಹಾಸ್ಯ ಮಾಡುತ್ತಿದ್ದಳು. ಹಾಸ್ಯ ಮಾಡುವಾಗಲೂ ಅವಳ ಕಣ್ಣು ಭಾವನ ಮುಷ್ಟಿಯ ಮೇಲೆಯೇ ಇರುತ್ತಿತ್ತು.

ಗುದ್ದಣ್ಣನು ಹೇಳಿದ್ದಂತೆ ಮೇಷ್ಟ್ರು ತಿಂಗಳಿಗೆ ಸರಿಯಾಗಿ ಕಾರು ತಂದರು. ಅಂದು ಗುದ್ದಣ್ಣನು ಯಾವುದೋ ಗೇರ್‌ಬಾಕ್ಸ್ ಬಿಚ್ಚಲು ಬೇರೆ ಊರಿಗೆ ಹೋಗಿದ್ದನು. "ಇನ್ನರ್ಧ ಬಾಕಿ ಇದೆಯಪ್ಪ," ಎಂದರು ಮೇಷ್ಟ್ರು. "ಅರ್ಧ ಯಾಕೆ ಸಾರ್, ಒಂದು ಗಂಟೇಲಿ ಪೂರ್ತಿ ಮಾಡ್ಕೊಡ್ತೀನಿ. ಅಣ್ಣ ಹಳೇ ಕಾಲದೋನು," ಎಂದು ತಮ್ಮನು ಯಂತ್ರವನ್ನು ಎಳೆದು ತಂದನು. ಪೂರ್ತಿ ಎಂದಮೇಲೆ ಒಳ್ಳೆಯದೇ ಇರಬೇಕೆಂದು ಮೇಷ್ಟ್ರು ತಲೆಯಾಡಿಸಿದರು.

ಒಂಬತ್ತನೆಯ ದಿನ ನಾಲ್ಕು ರಸ್ತೆ ಕೂಡುವಲ್ಲಿ ಹಸಿರು ದೀಪ ಹತ್ತಿತು. ಮೇಷ್ಟ್ರು ಆಕ್ಸಿಲರೇಟರ್ ಒತ್ತಿದರು. ಎಂಜಿನ್ ಭೋರೆಂದಿತು, ಕಾರು ನಿಂತಲ್ಲೇ ನಿಂತಿತ್ತು. ಹಿಂದಿನಿಂದ ವೇಗವಾಗಿ ಬಂದ ಲಾರಿ ಡಿಕ್ಕಿ ಹೊಡೆದು ಕಾರಿನ ಹಿಂಭಾಗವನ್ನು ಸೀಟಿನವರೆಗೆ ಮಡಿಚಿಹಾಕಿತು. ಮೇಷ್ಟ್ರಿಗೆ ಹಣೆ ಸೀಳಿತು. ಪಕ್ಕದಲ್ಲಿದ್ದ ಅವರ ಹೆಂಡತಿಯ ಹೆಗಲ ಮುಂದಿನ ಎಲುಬು ಮುರಿದು, ಅದರ ತುದಿ ಚರ್ಮದ ಕೆಳಗೆ ಎದ್ದು ಕಾಣುತ್ತಿತ್ತು.

ಜಜ್ಜಿಹೋದ ಕಾರನ್ನು ಮಧ್ಯಾಹ್ನ ಗ್ಯಾರೇಜಿಗೆ ಎಳೆದು ತಂದರು. ಗುದ್ದಣ್ಣನು ಗುಂಡಿಗಿಳಿದು ತಟ್ಟೆ ಬಿಚ್ಚಿದನು. ಒಂಬತ್ತು ದಿನದ ಹಿಂದೆ ಹಾಕಿದ ಎಣ್ಣೆ ಆಗಲೇ ಸುಟ್ಟು ಕಪ್ಪಗಾಗಿತ್ತು. ತಟ್ಟೆಯ ತಳದಲ್ಲಿ ಪ್ಲೇಟುಗಳ ಪುಡಿ ಮಸಿಯಂತೆ ಕೂತಿತ್ತು. ತಟ್ಟೆಯನ್ನು ಎರಡು ಕೈಯಲ್ಲಿ ಹಿಡಿದು ಮೇಲೆ ಬಂದು ತಮ್ಮನ ಮುಖದ ಮುಂದೆ ಚಾಚಿದನು. ತಮ್ಮನು ಗುಂಡಿಯ ಅಂಚಿನಲ್ಲಿ ನಿಂತಿದ್ದನು.

"ಪೂರ್ತಿ ಮಾಡಿದೆಯಾ?"

"ಮಾಡಿದೆ."

"ನನ್ನ ಕೇಳದೆ."

"ನಿನ್ನ ಕೇಳಿದ್ರೆ ಏನ್ ಹೇಳ್ತಿದ್ದೆ? ಅರ್ಧ ಅಂತಿದ್ದೆ. ಯಾಕೆ ಅರ್ಧ ಅಂತ ಒಂದು ದಿನ ಆದ್ರೂ ನೀನೇ ಯೋಚ್ನೆ ಮಾಡಿದೀಯಾ? ಅಪ್ಪ ನಿನ್ನ ಬೆರಳು ಮುರಿದು ಹೇಳ್ಕೊಟ್ಟಿದ್ದನ್ನ ಊರಿಗೆಲ್ಲ ಗುದ್ದಿ ಹೇಳ್ತಾ ಇದೀಯ. ಅಪ್ಪ ಎಲ್ಲಿ ಸತ್ತಿದಾನೆ ಅಣ್ಣಾ? ಇಲ್ಲೇ ನಿಂತಿದಾನಲ್ಲ."

ಕೈಯಲ್ಲಿ ತಟ್ಟೆ ಇರುವುದು ಗುದ್ದಣ್ಣನಿಗೆ ಮರೆತುಹೋಗಿತ್ತೆಂದು ಆಮೇಲೆ ವಕೀಲರು ವಾದಿಸಿದರು. ಅವನು ಹಾಗೆ ಹೇಳಲಿಲ್ಲ. ತಟ್ಟೆಯ ತಗಡಿನ ಅಂಚು ತಮ್ಮನ ಎಡಗಣ್ಣಿನ ಮೇಲೆ ಬಿತ್ತು. ತಮ್ಮನು ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡನು. ಎರಡನೆಯ ಏಟು ಕೈಗಳ ಮೇಲೆ ಬಿತ್ತು. ಮೂರನೆಯದು ಬೀಳುವ ಮೊದಲು ತಮ್ಮನು ಹಿಮ್ಮುಖವಾಗಿ ಗುಂಡಿಗೆ ಬಿದ್ದನು. ಸಿಮೆಂಟಿಗೆ ತಲೆ ಬಡಿದ ಸದ್ದು ಕ್ಷೌರದಂಗಡಿಯವರೆಗೂ ಕೇಳಿಸಿತು.

ಗುದ್ದಣ್ಣನು ಬಗ್ಗಿ ನೋಡಿದನು. ಗುಂಡಿಯ ತಳದ ಕಾಲುವೆಯಲ್ಲಿ ಕೆಂಪಗೆ ಹರಿಯುತ್ತಿತ್ತು.

"ಟ್ರೇ ಇಡೋ, ಎಣ್ಣೆ ಸುರೀತಾ ಇದೆ," ಎಂದನು.

ಆ ಕಾರಿನ ಎಣ್ಣೆ ಕಪ್ಪಾಗಿರುವುದನ್ನು ಆಗತಾನೇ ಕಂಡವನು ಅವನೇ. ಆದರೂ ಮೂವತ್ತು ವರ್ಷ ಆ ಗುಂಡಿಯಲ್ಲಿ ಕೆಂಪೆಂದರೆ ಎಣ್ಣೆ. ಟ್ರೇ ಇಡಲು ಯಾರೂ ಏಳಲಿಲ್ಲ. ಅವನೇ ಇಳಿದು, ಅಭ್ಯಾಸದಂತೆ ಬೆರಳಿಗೆ ಹಚ್ಚಿಕೊಂಡು ಮೂಸಿದನು. ಎಣ್ಣೆಯ ವಾಸನೆ ಇರಲಿಲ್ಲ. ಆಗ ಅವನ ಗಂಟಲಿನಿಂದ ಹೊರಟ ಸದ್ದನ್ನು ಕೇಳಿ ತಮ್ಮನ ಹೆಂಡತಿ ಒಳಗಿನಿಂದ ಓಡಿಬಂದಳು.

ತಮ್ಮನಿಗೆ ಪ್ರಜ್ಞೆ ಬಂದುದು ಮೂರನೆಯ ದಿನ. ಪೊಲೀಸರು ಕೇಳಿದಾಗ, ಜಾಕ್ ಜಾರಿ ಕಾರು ಮೈಮೇಲೆ ಬಿತ್ತು ಎಂದನು. ಇನ್‌ಸ್ಪೆಕ್ಟರು ಅಷ್ಟನ್ನು ಬರೆದುಕೊಂಡು, ರುಜು ಹಾಕಿಸಲು ಗುದ್ದಣ್ಣನನ್ನು ಠಾಣೆಗೆ ಕರೆಸಿದರು. ಹಾಕಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅವನು ಕಾಗದ ಓದಿದನು.

"ಸಾರ್, ಇದು ತಪ್ಪು. ಗುಂಡಿ ಇರೋ ಕಡೆ ಯಾರಾದ್ರೂ ಜಾಕ್ ಹಾಕ್ತಾರಾ?"

"ನಿನ್ನ ತಮ್ಮನೇ ಹೇಳಿದಾನಲ್ಲಯ್ಯ."

"ಅವನು ಸುಳ್ಳು ಹೇಳಿದಾನೆ. ನನ್ನ ಗ್ಯಾರೇಜಲ್ಲಿ ಇವತ್ತಿನವರೆಗೂ ಜಾಕ್ ಜಾರಿಲ್ಲ. ನಾನೇ ಹೊಡೆದದ್ದು."

"ಯಾವ ವಿಷಯಕ್ಕೆ?"

"ಎಣ್ಣೆ ವಿಷಯಕ್ಕೆ."

ಇನ್‌ಸ್ಪೆಕ್ಟರು ಪೇದೆಯ ಕಡೆ ತಿರುಗಿ, ಕುಡಿದ ಅಮಲಿನಲ್ಲಿ ಎಂದು ಬರೆ ಎಂದರು. ಗುದ್ದಣ್ಣನು ಮೇಜಿಗೆ ಗುದ್ದಿದನು. ಮೇಜಿನ ಗಾಜು ಒಡೆಯಿತು. "ನಾನು ಕುಡಿಯಲ್ಲ ಸಾರ್. ಗೇರ್‌ಬಾಕ್ಸ್ ಎಣ್ಣೆ. ಅರ್ಧ ಹಾಕ್ಬೇಕಿತ್ತು, ಅವನು ಪೂರ್ತಿ ಹಾಕಿದ. ಅದಕ್ಕೆ ಹೊಡೆದೆ. ಸರಿಯಾಗಿ ಬರೀರಿ." ಸರಿಯಾಗಿ ಬರೆಯಿಸಿಕೊಂಡ ಮೇಲೆಯೇ ರುಜು ಹಾಕಿದನು. ಇಬ್ಬರು ಪೇದೆಗಳು ಅವನನ್ನು ಒಳಗೆ ತಳ್ಳಿದರು.

ನ್ಯಾಯಾಲಯಕ್ಕೆ ಗೇರ್‌ಬಾಕ್ಸನ್ನೂ ತಂದಿದ್ದರು. ಅದನ್ನು ಬಿಚ್ಚಿ ನೋಡಿದ್ದ ವಯಸ್ಸಾದ ಎಂಜಿನಿಯರೊಬ್ಬರು, ಪ್ಲೇಟುಗಳು ಮೊದಲೇ ಸವೆದು ಹೋಗಿದ್ದವು, ಅರ್ಧ ಬದಲಿಸಿದ್ದರೂ ಅದು ಇನ್ನು ಕೆಲವು ತಿಂಗಳು ಓಡುತ್ತಿತ್ತು ಅಷ್ಟೆ ಎಂದರು. ಎರಡು ವರ್ಷದ ಶಿಕ್ಷೆಯನ್ನು ಓದಿದಾಗ ಗುದ್ದಣ್ಣನ ಮುಖದಲ್ಲಿ ಬದಲಾವಣೆ ಕಾಣಲಿಲ್ಲ. ಆ ಎಂಜಿನಿಯರ ಮಾತಿಗೆ ಮಾತ್ರ ಅವನು ಕಟಕಟೆಯ ಸರಳನ್ನು ಹಿಡಿದು ಕೂತುಬಿಟ್ಟನು.

ಜೈಲಿನ ಮೊದಲ ತಿಂಗಳಲ್ಲಿ ಅವನು ಇಬ್ಬರ ಹಲ್ಲು ಉದುರಿಸಿದನು. ತಮ್ಮನು ಒಮ್ಮೆಯೂ ಬರಲಿಲ್ಲ. ತಮ್ಮನ ಹೆಂಡತಿ ಒಮ್ಮೆ ಬಂದಳು. ಕೂರಲಿಲ್ಲ.

"ಎಡಗಣ್ಣು ಹೋಯ್ತು ಭಾವಾ. ಹೇಳಿ ಹೋಗೋಣ ಅಂತ ಬಂದೆ."

"ಅವನು ಏನಂದ?"

"ನಿಮ್ಮ ಹೆಸರು ಎತ್ತಿದ್ರೆ ಎದ್ದು ಹೋಗ್ತಾರೆ."

ಅದಾದ ವಾರದಲ್ಲಿ ಅಡುಗೆಮನೆಯ ಸಾಲಿನಲ್ಲಿ ಒಬ್ಬನು ಹಳೆಯ ಸೇಡಿಗೆ ಕಬ್ಬಿಣದ ಸೌಟಿನಿಂದ ಅವನ ಪಕ್ಕೆಗೆ ಹೊಡೆದನು. ಗುದ್ದಣ್ಣನು ಕೈಗಳನ್ನು ಹಿಂದಕ್ಕೆ ಕಟ್ಟಿಕೊಂಡನು. ಇನ್ನೊಂದು ಬಿತ್ತು, ಮತ್ತೊಂದು ಬಿತ್ತು. ಎರಡು ಪಕ್ಕೆಲುಬು ಮುರಿದು ನೆಲಕ್ಕೆ ಬಿದ್ದಾಗಲೂ ಕೈ ಬಿಚ್ಚಿರಲಿಲ್ಲ. ಹೊಡೆದವನೇ ಹೆದರಿ ಸೌಟು ಬಿಸಾಡಿದನಂತೆ.

ತಿಂಗಳಿಗೊಮ್ಮೆ ಅವನನ್ನು ನೋಡಲು ಬರುತ್ತಿದ್ದವರು ಮೇಷ್ಟ್ರು. ಪೂರ್ತಿ ಮಾಡು ಎಂದು ತಲೆಯಾಡಿಸಿದ್ದು ತಮ್ಮದೂ ತಪ್ಪೆಂಬ ಮುಳ್ಳು ಅವರೊಳಗೆ ಇತ್ತು. "ನಮ್ಮ ಮನೆಯವಳು ಕೇಳ್ತಾಳೆ, ಎಲುಬು ಮುರಿದದ್ದು ನನ್ನದು, ಆ ಅಣ್ಣತಮ್ಮ ಯಾಕೆ ನಡುವೆ ಬಂದು ಜಗಳ ಹಂಚ್ಕೊಂಡರು ಅಂತ." ಗುದ್ದಣ್ಣನು ನಗಲು ಹೋಗಿ ಪಕ್ಕೆ ಹಿಡಿದುಕೊಂಡನು.

"ಹೊರಗೆ ಬಂದು ಎಲ್ಲಿಗೆ ಹೋಗ್ತೀಯಪ್ಪ?"

"ಅವನ ಮುಂದೆ ಹೋಗಿ ನಿಂತ್ಕೋತೀನಿ ಸಾರ್. ಕೊಂದರೂ ಕೊಲ್ಲಲಿ. ಒಳಗೆ ಬಾ ಅಂತಾನೋ ಇಲ್ವೋ, ಅದೊಂದು ಗೊತ್ತಾಗ್ಬೇಕು."

ಹಾಗೆಯೇ ಮಾಡಿದನು. ಬಿಡುಗಡೆಯಾದ ಬೆಳಗ್ಗೆ ನೇರವಾಗಿ ಗ್ಯಾರೇಜಿನ ಬಾಗಿಲಿಗೆ ಬಂದು ನಿಂತನು. ತಮ್ಮನು ಗುಂಡಿಯಿಂದ ಮೇಲೆ ಬಂದನು. ಎಡಗಣ್ಣಿನ ಜಾಗದಲ್ಲಿ ಮುಚ್ಚಿಹೋದ ರೆಪ್ಪೆ. ಕೈಯಲ್ಲಿದ್ದ ಸ್ಪ್ಯಾನರನ್ನು ಬೆಂಚಿನ ಮೇಲೆ ಇಟ್ಟು, ಕೈ ಒರೆಸಿಕೊಂಡು ಹತ್ತಿರ ಬಂದು, ಮೈಯ ಬಲವನ್ನೆಲ್ಲ ಹಾಕಿ ಅಣ್ಣನ ದವಡೆಗೆ ಗುದ್ದಿದನು. ಗುದ್ದಣ್ಣನು ವಾಲಿ, ಮತ್ತೆ ನೆಟ್ಟಗೆ ನಿಂತನು. ಎರಡನೆಯ ಗುದ್ದಿಗೆ ತುಟಿ ಸೀಳಿತು. ಒಂದೇ ಕಣ್ಣಿನವನ ಅಂದಾಜು ತಪ್ಪಿ ಮೂರನೆಯದು ಕಿವಿಯ ಪಕ್ಕದಲ್ಲಿ ಗಾಳಿಗೆ ಹೋಯಿತು. ಗುದ್ದಣ್ಣನು ಮುಖವನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ ಕೊಟ್ಟನು. ನಾಲ್ಕನೆಯದು ಸರಿಯಾಗಿ ಬಿತ್ತು. ಅವನು ಮಂಡಿಯೂರಿದನು, ಬಾಯಿಂದ ಒಂದು ಹಲ್ಲು ನೆಲಕ್ಕೆ ಉರುಳಿತು.

"ಸಾಕು," ಎಂದಳು ಬಾಗಿಲಲ್ಲಿ ನಿಂತಿದ್ದ ತಮ್ಮನ ಹೆಂಡತಿ. "ಇನ್ನೊಂದು ಬಿದ್ರೆ ಇಬ್ಬರನ್ನೂ ಬೀದಿಗೆ ಹಾಕಿ ಬೀಗ ಜಡೀತೀನಿ. ಭಾವಾ, ಮುಖ ತೊಳ್ಕೊಳ್ಳಿ."

ತಮ್ಮನಿಗೆ ಏದುಸಿರು ಬರುತ್ತಿತ್ತು. ಬೆಂಚಿನ ಮೇಲಿನ ಸ್ಪ್ಯಾನರನ್ನು ಮತ್ತೆ ಕೈಗೆತ್ತಿಕೊಂಡು ಹೇಳಿದನು.

"ಒಳಗೆ ಬರೋದಾದ್ರೆ ನನ್ನ ಬಲಗಡೆ ಇರ್ಬೇಕು. ಎಡಗಡೆಗೆ ಬರ್ಕೂಡದು. ನಿನ್ನ ಕೈ ಎರಡೂ ನನಗೆ ಕಾಣ್ತಿರ್ಬೇಕು."

"ಆಯ್ತು."

"ಬರಲೇಬೇಕಾದ್ರೆ ಹೇಳಿ ಬರ್ಬೇಕು."

"ಹೇಳಿ ಬರ್ತೀನಿ ಕಣೋ."

ಇದು ನಡೆದು ನಾಲ್ಕು ವರ್ಷವಾಯಿತು. ಗುದ್ದಣ್ಣನು ಈಗಲೂ ಅಲ್ಲಿಯೇ ಕೆಲಸ ಮಾಡುತ್ತಿದ್ದಾನೆ, ಗಿರಾಕಿ ಕೇಳಿದಂತೆ ಅರ್ಧವನ್ನೂ ಹಾಕುತ್ತಾನೆ, ಪೂರ್ತಿಯನ್ನೂ ಹಾಕುತ್ತಾನೆ. ಬೀದಿಯಲ್ಲಿ ಯಾರಿಗೂ ಕೈ ಎತ್ತಿಲ್ಲ. ಎತ್ತಬೇಕೆನಿಸಿದಾಗ ಗುಂಡಿಗಿಳಿದು ನಿಂತುಬಿಡುತ್ತಾನೆ, ಒಮ್ಮೊಮ್ಮೆ ಅರ್ಧ ಗಂಟೆ ಮೇಲೆ ಬರುವುದಿಲ್ಲ. ತಮ್ಮನು ಇನ್ನೂ ಅವನಿಗೆ ಬೆನ್ನು ತಿರುಗಿಸಿ ಕೂರುವುದಿಲ್ಲ. ಮೊನ್ನೆ ಮೇಷ್ಟ್ರು ಹೋದಾಗ ಇಬ್ಬರೂ ಒಂದೇ ಕಾರಿನ ಕೆಳಗಿದ್ದರು. ತಟ್ಟೆಯ ಬಲಗಡೆಯ ಬೋಲ್ಟುಗಳನ್ನು ಬಿಗಿದಾಗಿತ್ತು, ಎಡಗಡೆಯವು ಉಳಿದಿದ್ದವು. ಗುದ್ದಣ್ಣನು ಸ್ಪ್ಯಾನರು ಹಿಡಿದ ಕೈಯನ್ನು ದೀಪದ ಬೆಳಕಿಗೆ ಚಾಚಿ ತೋರಿಸಿ, "ಎಡಗಡೆ ಬರ್ತಾ ಇದೀನಿ," ಎಂದನು. ತಮ್ಮನು ತಲೆಯನ್ನು ಅತ್ತ ತಿರುಗಿಸಿ ನೋಡಿ, "ಹ್ಞೂಂ, ಬಾ," ಎಂದನು.